ಟಿ.ಸಿ. ಏಕೆ ಸುಡುತ್ತದೆ? ಎರಡು ಸುರುಳಿಗಳ ನಂಟು ಮತ್ತು ಪಂಪ್‌ಸೆಟ್ಟಿನ ಹೊರೆ

ಕೊಳವೆ ಬಾವಿಯ ನೀರನ್ನೇ ನಂಬಿ ಬೆಳೆ ತೆಗೆಯುವ ರೈತರನ್ನು ಬೇಸಿಗೆಯಲ್ಲಿ ಕಾಡುವ ತೊಂದರೆಗಳಲ್ಲಿ ವಿದ್ಯುತ್ ಪರಿವರ್ತಕ ಸುಟ್ಟುಹೋಗುವುದು ಮುಖ್ಯವಾದುದು. ಮುಸುಕಿನ ಜೋಳ ಸೂಲಂಗಿ ತೆಗೆದು ರೇಷ್ಮೆ ಬಿಡುವ ಹಂತದಲ್ಲಾಗಲಿ, ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವ ಹಂತದಲ್ಲಾಗಲಿ ಒಂದು ವಾರ ನೀರು ತಪ್ಪಿದರೆ ಆ ನಷ್ಟವನ್ನು ಮುಂದೆ ಎಷ್ಟು ನೀರು ಕೊಟ್ಟರೂ ತುಂಬಿಕೊಳ್ಳಲಾಗದು. ಟಿ.ಸಿ. ಸುಟ್ಟಾಗ ಈ ನಷ್ಟ ಒಬ್ಬರಿಗೆ ಮಾತ್ರ ಆಗುವುದಿಲ್ಲ. ಅದರಿಂದ ವಿದ್ಯುತ್ ಪಡೆಯುವ ಎಲ್ಲ ಹೊಲಗಳಿಗೂ ಆಗುತ್ತದೆ. ಟಿ.ಸಿ.ಯ ಒಳಗೆ ನಡೆಯುವ ಕ್ರಿಯೆಯನ್ನು ಅರಿತರೆ ಇಂತಹ ಅನೇಕ ಪ್ರಸಂಗಗಳನ್ನು ತಪ್ಪಿಸಬಹುದು.

ಪರಸ್ಪರ ಪ್ರೇರಣೆ ಎಂದರೇನು?

ಟಿ.ಸಿ.ಯ ಒಳಗೆ ಕಬ್ಬಿಣದ ತೆಳು ತಗಡುಗಳನ್ನು ಜೋಡಿಸಿದ ದಿಂಡು ಇರುತ್ತದೆ. ಅದರ ಮೇಲೆ ಎರಡು ಬಗೆಯ ತಂತಿ ಸುರುಳಿಗಳಿರುತ್ತವೆ. ಒಂದಕ್ಕೆ 11,000 ವೋಲ್ಟಿನ ಲೈನು ಸೇರಿದರೆ, ಇನ್ನೊಂದರಿಂದ ಪಂಪ್‌ಸೆಟ್ಟಿಗೆ ವಿದ್ಯುತ್ ಹೋಗುತ್ತದೆ. ಈ ಎರಡು ಸುರುಳಿಗಳನ್ನು ಯಾವ ತಂತಿಯೂ ಕೂಡಿಸಿರುವುದಿಲ್ಲ. ನಡುವೆ ಕಾಗದ ಮತ್ತು ಎಣ್ಣೆಯ ನಿರೋಧಕವಿದೆ. ಆದರೂ ಒಂದರ ಶಕ್ತಿ ಮತ್ತೊಂದಕ್ಕೆ ದಾಟುತ್ತದೆ.

ಇದರ ಮೂಲವನ್ನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಕಂಡುಕೊಂಡನು. ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿಗಳನ್ನು ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿ, ಇನ್ನೊಂದರಲ್ಲಿ ವಿದ್ಯುತ್ ಹರಿಯುವುದೇ ಎಂದು ನೋಡಿದನು. ಬ್ಯಾಟರಿ ಜೋಡಿಸಿದ ಕ್ಷಣ ಮತ್ತು ತೆಗೆದ ಕ್ಷಣ ಮಾತ್ರ ಮುಳ್ಳು ಅಲುಗಿತು. ವಿದ್ಯುತ್ ಒಂದೇ ಸಮನೆ ಹರಿಯುತ್ತಿದ್ದಾಗ ಅಲುಗಲಿಲ್ಲ. ಅಂದರೆ ಒಂದು ಸುರುಳಿಯ ವಿದ್ಯುತ್ ಪ್ರವಾಹ ಬದಲಾಗುತ್ತಿದ್ದರೆ ಅದರ ಕಾಂತಕ್ಷೇತ್ರವೂ ಬದಲಾಗಿ, ಪಕ್ಕದ ಸುರುಳಿಯಲ್ಲಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಇದೇ ಪರಸ್ಪರ ಪ್ರೇರಣೆ. ನಮ್ಮ ಲೈನಿನ ವಿದ್ಯುತ್ ಸೆಕೆಂಡಿಗೆ 50 ಆವರ್ತನೆಗಳಂತೆ ದಿಕ್ಕು ಬದಲಿಸುವುದರಿಂದ ಈ ಕ್ರಿಯೆ ಎಡೆಬಿಡದೆ ನಡೆಯುತ್ತದೆ. ಬ್ಯಾಟರಿಯ ವಿದ್ಯುತ್ತಿನಿಂದ ಟಿ.ಸಿ. ಕೆಲಸ ಮಾಡದಿರುವುದೂ ಇದೇ ಕಾರಣದಿಂದ.

ಈ ಪ್ರೇರಣೆಯ ಪ್ರಮಾಣವನ್ನು 'ಹೆನ್ರಿ' ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸುರುಳಿಯ ಪ್ರವಾಹ ಸೆಕೆಂಡಿಗೆ 1 ಆಂಪಿಯರ್‌ನಂತೆ ಬದಲಾದಾಗ ಇನ್ನೊಂದರಲ್ಲಿ 1 ವೋಲ್ಟ್ ಹುಟ್ಟಿದರೆ ಅವುಗಳ ಪರಸ್ಪರ ಪ್ರೇರಕತ್ವ 1 ಹೆನ್ರಿ. ಎರಡು ಸುರುಳಿಗಳ ಸ್ವಂತ ಪ್ರೇರಕತ್ವಗಳನ್ನು ಗುಣಿಸಿ, ವರ್ಗಮೂಲ ತೆಗೆದು, ಅದನ್ನು ಜೋಡಣೆಯ ಅಂಶದಿಂದ ಗುಣಿಸಿದರೆ ಇದು ದೊರೆಯುತ್ತದೆ. ಉದಾಹರಣೆಗೆ, 4 ಹೆನ್ರಿ ಮತ್ತು 1 ಹೆನ್ರಿಯ ಸುರುಳಿಗಳಿದ್ದು, ಒಂದರ ಕಾಂತರೇಖೆಗಳಲ್ಲಿ ಅರ್ಧ ಮಾತ್ರ ಇನ್ನೊಂದನ್ನು ಹಾದುಹೋದರೆ, ಅಂದರೆ ಜೋಡಣೆಯ ಅಂಶ 0.5 ಆದರೆ, ಪರಸ್ಪರ ಪ್ರೇರಕತ್ವ 1 ಹೆನ್ರಿ. ಎಲ್ಲ ರೇಖೆಗಳೂ ಹಾದುಹೋದರೆ 2 ಹೆನ್ರಿ. ಟಿ.ಸಿ.ಯಲ್ಲಿ ಕಬ್ಬಿಣದ ದಿಂಡು ಕಾಂತರೇಖೆಗಳನ್ನು ಹಿಡಿದಿಡುವುದರಿಂದ ಜೋಡಣೆಯ ಅಂಶ 1ಕ್ಕೆ ಬಹಳ ಸಮೀಪವಿರುತ್ತದೆ.

ಸುತ್ತುಗಳ ಲೆಕ್ಕ

ಎರಡು ಸುರುಳಿಗಳನ್ನೂ ಒಂದೇ ಕಾಂತಪ್ರವಾಹ ಹಾದುಹೋಗುವುದರಿಂದ ಪ್ರತಿ ಸುತ್ತಿನಲ್ಲೂ ಒಂದೇ ವೋಲ್ಟೇಜ್ ಇರುತ್ತದೆ. ನಮ್ಮ ಟಿ.ಸಿ.ಗಳಲ್ಲಿ ಮೇಲಿನ ಸುರುಳಿಗೆ 11,000 ವೋಲ್ಟ್. ಕೆಳಗಿನ ಸುರುಳಿಯಲ್ಲಿ ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 250 ವೋಲ್ಟ್. ಎರಡು ಫೇಸುಗಳ ನಡುವೆ 433 ವೋಲ್ಟ್. ಅಂದರೆ ಸುತ್ತುಗಳ ಪ್ರಮಾಣ 44ಕ್ಕೆ 1.

ವೋಲ್ಟೇಜನ್ನು ಏರಿಸಿ ದೂರಕ್ಕೆ ಕಳುಹಿಸಿ, ಬಳಸುವೆಡೆ ಇಳಿಸುವ ಈ ಕ್ರಮ ನಮ್ಮ ನಾಡಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದುದು ಹೀಗೆಯೇ.

ಹೊರೆ ಮೇಲಕ್ಕೆ ತಲುಪುವ ಬಗೆ

ಹೊಲದಲ್ಲಿ ಯಾವ ಮೋಟಾರೂ ಓಡದಿದ್ದಾಗ ಟಿ.ಸಿ.ಯ ಮೇಲಿನ ಸುರುಳಿ ಅತ್ಯಲ್ಪ ಪ್ರವಾಹವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಒಂದು ಮೋಟಾರು ಚಾಲೂ ಆದೊಡನೆ ಕೆಳಗಿನ ಸುರುಳಿಯಲ್ಲಿ ಹರಿಯುವ ಪ್ರವಾಹ ದಿಂಡಿನ ಕಾಂತಪ್ರವಾಹವನ್ನು ಕುಗ್ಗಿಸಲು ನೋಡುತ್ತದೆ. ಅದನ್ನು ಸರಿದೂಗಿಸಲು ಮೇಲಿನ ಸುರುಳಿ ಲೈನಿನಿಂದ ಅಷ್ಟೇ ಹೆಚ್ಚಿನ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಹತ್ತನೆಯ ಮೋಟಾರಿಗೂ ಇದೇ ನಿಯಮ, ಹದಿಮೂರನೆಯದಕ್ಕೂ ಇದೇ ನಿಯಮ. ಎತ್ತು ಹೊರಲಾರದ ಭಾರ ಹೇರಿದರೆ ನಿಂತುಬಿಡುತ್ತದೆ, ಟಿ.ಸಿ. ಹಾಗೆ ನಿಲ್ಲುವುದಿಲ್ಲ. ಕೇಳಿದಷ್ಟನ್ನೂ ಕೊಡುತ್ತಾ ಒಳಗೊಳಗೇ ಕಾಯುತ್ತದೆ. ಅದನ್ನು ತಡೆಯಬೇಕಾದುದು ಫ್ಯೂಸು. ಆ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದರೆ ಟಿ.ಸಿ.ಗೆ ಉಳಿದ ಒಂದೇ ರಕ್ಷಣೆಯನ್ನೂ ಕಿತ್ತುಹಾಕಿದಂತೆ.

5 ಎಚ್.ಪಿ. ಮೋಟಾರಿನ ದಕ್ಷತೆ ಶೇ. 80 ಮತ್ತು ಪವರ್ ಫ್ಯಾಕ್ಟರ್ 0.8 ಎಂದು ಇಟ್ಟುಕೊಂಡರೆ, 400 ವೋಲ್ಟಿನಲ್ಲಿ ಅದು ಸುಮಾರು 8.4 ಆಂಪಿಯರ್ ತೆಗೆದುಕೊಳ್ಳುತ್ತದೆ. ಈ ಲೆಕ್ಕದ ಮೇಲೆ:

25 ಕೆ.ವಿ.ಎ. ಟಿ.ಸಿ.: ಪೂರ್ಣ ಹೊರೆ 33 ಆಂಪಿಯರ್, ಸುಮಾರು 4 ಪಂಪ್‌ಸೆಟ್.
63 ಕೆ.ವಿ.ಎ. ಟಿ.ಸಿ.: ಪೂರ್ಣ ಹೊರೆ 84 ಆಂಪಿಯರ್, ಸುಮಾರು 10 ಪಂಪ್‌ಸೆಟ್.
100 ಕೆ.ವಿ.ಎ. ಟಿ.ಸಿ.: ಪೂರ್ಣ ಹೊರೆ 133 ಆಂಪಿಯರ್, ಸುಮಾರು 16 ಪಂಪ್‌ಸೆಟ್.

63 ಕೆ.ವಿ.ಎ. ಟಿ.ಸಿ.ಯ ಮೇಲೆ ಇಂತಹ 13 ಪಂಪ್‌ಸೆಟ್‌ಗಳು ಏಕಕಾಲಕ್ಕೆ ಓಡಿದರೆ 109 ಆಂಪಿಯರ್ ಹರಿಯುತ್ತದೆ. ಇದು ಪೂರ್ಣ ಹೊರೆಯ 1.3 ಪಟ್ಟು. ಆದರೆ ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಶಾಖ ಸುಮಾರು 1.7 ಪಟ್ಟಾಗುತ್ತದೆ. ಸುರುಳಿಯ ಕಾಗದದ ನಿರೋಧಕವು ಮಿತಿಗಿಂತ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದಾಗ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಂಜೂರಾದ 5 ಎಚ್.ಪಿ. ಬದಲು 7.5 ಎಚ್.ಪಿ. ಮೋಟಾರು ಇಳಿಸುವುದೂ ಅನುಮತಿಯಿಲ್ಲದೆ ಅರ್ಧ ಪಂಪ್‌ಸೆಟ್ ಹೆಚ್ಚಿಗೆ ಜೋಡಿಸಿದಂತೆಯೇ.

ಎಲ್ಲ ಮೋಟಾರುಗಳೂ ಒಮ್ಮೆಲೇ ಚಾಲೂ ಆದಾಗ

ನೇರವಾಗಿ ಚಾಲೂ ಮಾಡಿದ ಮೋಟಾರು ಮೊದಲ ಕೆಲವು ಕ್ಷಣ ತನ್ನ ಸಾಮಾನ್ಯ ಪ್ರವಾಹದ ಸುಮಾರು 6 ಪಟ್ಟು ಕೇಳುತ್ತದೆ. ಹತ್ತು ರೈತರೂ ಆಟೋ ಸ್ಟಾರ್ಟರ್ ಇಟ್ಟಿದ್ದರೆ, ವಿದ್ಯುತ್ ಬಂದ ಕ್ಷಣವೇ ಹತ್ತೂ ಮೋಟಾರುಗಳು ಸೇರಿ 500 ಆಂಪಿಯರ್ ಕೇಳುತ್ತವೆ. ಸುರುಳಿಗಳ ಜೋಡಣೆ 1ಕ್ಕೆ ಸಮೀಪವಿದ್ದರೂ ಪೂರ್ತಿ 1 ಅಲ್ಲ. ಸ್ವಲ್ಪ ಕಾಂತರೇಖೆಗಳು ಹೊರಗೆ ಸೋರುತ್ತವೆ. ಇದರ ಪರಿಣಾಮವನ್ನೇ ನಾಮಫಲಕದಲ್ಲಿ ಶೇ. 4.5ರಂತೆ ಇಂಪಿಡೆನ್ಸ್ ಎಂದು ನಮೂದಿಸಿರುತ್ತಾರೆ. ಈ ಸೋರಿಕೆಯಿಂದ ವೋಲ್ಟೇಜ್ ಸುಮಾರು ಐದನೇ ಒಂದು ಭಾಗ ಕುಸಿದು, ಮೋಟಾರುಗಳು ಏಳಲು ತಿಣುಕಾಡುತ್ತವೆ. ಕುಸಿದ ಮೇಲೂ 400 ಆಂಪಿಯರ್ ಸಮೀಪದ ಪ್ರವಾಹ ಸುರುಳಿಯಲ್ಲಿ ಹರಿಯುತ್ತದೆ. ಎರಡು ಸುರುಳಿಗಳು ಒಂದನ್ನೊಂದು ನೂಕುವ ಬಲವೂ ಪ್ರವಾಹದ ವರ್ಗದಂತೆ ಏರುವುದರಿಂದ ಅದು ಸಾಮಾನ್ಯಕ್ಕಿಂತ 20 ಪಟ್ಟಿಗೂ ಹೆಚ್ಚಾಗುತ್ತದೆ. ದಿನಕ್ಕೆ ಹಲವು ಬಾರಿ ಹೀಗೆ ಕುಲುಕಿದ ಸುರುಳಿ ಸಡಿಲವಾಗಿ, ನಿರೋಧಕ ಸವೆದು, ಒಂದು ದಿನ ಸುತ್ತಿಗೆ ಸುತ್ತು ತಗುಲಿ ಸುಡುತ್ತದೆ.

ಕೆಪಾಸಿಟರಿನ ಉಪಯೋಗ

ಮೋಟಾರು ತನ್ನ ಕಾಂತಕ್ಷೇತ್ರಕ್ಕಾಗಿ ಎಳೆಯುವ ಪ್ರವಾಹ ನೀರೆತ್ತುವ ಕೆಲಸ ಮಾಡುವುದಿಲ್ಲ, ಆದರೆ ಟಿ.ಸಿ.ಯ ಸುರುಳಿಯನ್ನು ಕಾಯಿಸುತ್ತದೆ. 5 ಎಚ್.ಪಿ. ಮೋಟಾರಿಗೆ 2 ಕೆ.ವಿ.ಎ.ಆರ್. ಕೆಪಾಸಿಟರ್ ಜೋಡಿಸಿದರೆ ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿ, ಲೈನಿನ ಪ್ರವಾಹ 8.4ರಿಂದ ಸುಮಾರು 7.1 ಆಂಪಿಯರಿಗೆ ಇಳಿಯುತ್ತದೆ. ಎಲ್ಲರೂ ಜೋಡಿಸಿದರೆ ಹತ್ತು ಪಂಪ್‌ಸೆಟ್‌ಗಳ ಹೊರೆ 84ರಿಂದ 71 ಆಂಪಿಯರಿಗೆ ಇಳಿದು, ಸುರುಳಿಯ ಶಾಖ ಶೇ. 29ರಷ್ಟು ಕಡಿಮೆಯಾಗುತ್ತದೆ. ಹದಿಮೂರು ಪಂಪ್‌ಸೆಟ್‌ಗಳಾದರೆ ಕೆಪಾಸಿಟರ್ ಇದ್ದರೂ 92 ಆಂಪಿಯರ್ ಆಗುವುದರಿಂದ, ಕೆಪಾಸಿಟರ್ ಹಾಕಿದ ಮಾತ್ರಕ್ಕೆ ಹೆಚ್ಚು ಸಂಪರ್ಕ ಕೊಡಬಹುದೆಂದು ತಿಳಿಯಬಾರದು. ಬಿಲ್ಲು ಕಟ್ಟುವ ಹಾಗಿಲ್ಲವಾದುದರಿಂದ ಕೆಪಾಸಿಟರ್ ತನಗೇಕೆ ಎಂದು ಕೆಲವರು ಭಾವಿಸುವುದುಂಟು. ಅದರ ಬೆಲೆಯನ್ನು ಕೊನೆಗೆ ಬೆಳೆಯಲ್ಲಿ ತೆರಬೇಕಾಗುತ್ತದೆ.

ಜನರೇಟರ್: ಪ್ರಾಣಾಪಾಯದ ವಿಷಯ

'ಪರಸ್ಪರ' ಎಂಬ ಮಾತನ್ನು ಮರೆಯಬಾರದು. ಮೇಲಿನ ಸುರುಳಿ ಕೆಳಗಿನದರಲ್ಲಿ ವೋಲ್ಟೇಜ್ ಹುಟ್ಟಿಸುವಂತೆಯೇ ಕೆಳಗಿನದೂ ಮೇಲಿನದರಲ್ಲಿ ಹುಟ್ಟಿಸುತ್ತದೆ. ಲೈನು ಬಂದ್ ಆಗಿರುವಾಗ ಯಾರಾದರೂ 230 ವೋಲ್ಟಿನ ಜನರೇಟರನ್ನು ಸರ್ವಿಸ್ ತಂತಿಯಿಂದ ಬೇರ್ಪಡಿಸದೆ ಓಡಿಸಿದರೆ, ಟಿ.ಸಿ.ಯ ಮೇಲಿನ ಸುರುಳಿಯಲ್ಲಿ 230ರ 44 ಪಟ್ಟು, ಅಂದರೆ 10,000 ವೋಲ್ಟಿಗೂ ಹೆಚ್ಚು ಹುಟ್ಟಬಹುದು. ಲೈನು ಸತ್ತಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್‌ನ ಪ್ರಾಣಕ್ಕೆ ಇದು ಎರವಾಗುತ್ತದೆ. ಆದುದರಿಂದ ಜನರೇಟರ್ ಇರುವ ಕಡೆ ಎರಡೂ ಮೂಲಗಳು ಎಂದೂ ಕೂಡದಂತೆ ಚೇಂಜ್ ಓವರ್ ಸ್ವಿಚ್ ಇರಲೇಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಟಿ.ಸಿ.ಯ ನಾಮಫಲಕದಲ್ಲಿರುವ ಕೆ.ವಿ.ಎ. ಮತ್ತು ಅದರ ಮೇಲಿರುವ ಎಲ್ಲ ಮೋಟಾರುಗಳ ಎಚ್.ಪಿ. ಪಟ್ಟಿ ಮಾಡಿ, ಮೇಲಿನ ಲೆಕ್ಕದೊಡನೆ ಹೋಲಿಸಿರಿ. ಫಲಕವನ್ನು ನೆಲದ ಮೇಲೆ ನಿಂತೇ ಓದಬೇಕು. ಆಗದಿದ್ದರೆ ಲೈನ್‌ಮನ್‌ರನ್ನು ಕೇಳಿರಿ.

2. ಹೊರೆ ಮೀರಿದ್ದರೆ ಎಲ್ಲರೂ ಸೇರಿ ಹೆಚ್ಚಿನ ಸಾಮರ್ಥ್ಯದ ಅಥವಾ ಮತ್ತೊಂದು ಟಿ.ಸಿ.ಗಾಗಿ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಛೇರಿಗೆ ಬರಹದಲ್ಲಿ ಅರ್ಜಿ ಕೊಡಿರಿ. ಅಲ್ಲಿಯವರೆಗೆ ಸರದಿಯಂತೆ ನೀರು ಹಾಯಿಸಿರಿ.

3. ಆಟೋ ಸ್ಟಾರ್ಟರ್ ತೆಗೆಯಿರಿ. ತೆಗೆಯಲಾಗದಿದ್ದರೆ, ಒಂದೊಂದು ಮೋಟಾರು ಬೇರೆ ಬೇರೆ ನಿಮಿಷಕ್ಕೆ ಚಾಲೂ ಆಗುವಂತೆ ಟೈಮರ್ ಹಾಕಿಸಿರಿ.

4. ಪ್ರತಿ ಮೋಟಾರಿಗೂ ತಕ್ಕ ಕೆಪಾಸಿಟರ್ ಜೋಡಿಸಿ, ಅದು ಕೆಲಸ ಮಾಡುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿರಿ.

5. ಟಿ.ಸಿ.ಯ ಹೊರೆಯನ್ನು ಟಾಂಗ್ ಟೆಸ್ಟರ್‌ನಿಂದ ಅಳೆಯುವಂತೆ ಲೈನ್‌ಮನ್‌ರನ್ನು ಕೋರಿರಿ. ತಂತಿಯನ್ನು ಕತ್ತರಿಸದೆ, ಸುತ್ತುವರಿದು ಅಳೆಯುವ ಆ ಉಪಕರಣವೂ ಪರಸ್ಪರ ಪ್ರೇರಣೆಯಿಂದಲೇ ಕೆಲಸ ಮಾಡುತ್ತದೆ.

6. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಅದು ಹೊರೆ ಮೀರಿದ ಸೂಚನೆ. ದಪ್ಪ ತಂತಿ ಕಟ್ಟಬೇಡಿರಿ; ಟಿ.ಸಿ.ಯನ್ನು ಸ್ವತಃ ಮುಟ್ಟಬೇಡಿರಿ.

ಒಂದು ಟಿ.ಸಿ.ಯ ಕೆಳಗಿರುವ ಹತ್ತು ಹೊಲಗಳೂ ಒಂದೇ ದಿಂಡಿನ ಕಾಂತಪ್ರವಾಹದಿಂದ ಬೆಸೆದುಕೊಂಡಿವೆ. ಒಬ್ಬರು ಗುಟ್ಟಾಗಿ ಜೋಡಿಸಿದ ಹೊರೆ ಉಳಿದ ಒಂಬತ್ತು ಮಂದಿಯ ಪೈರನ್ನೂ ಒಣಗಿಸಬಲ್ಲದು. ಬಿತ್ತನೆಗೆ ಮುನ್ನ ಟಿ.ಸಿ.ಯ ರೈತರೆಲ್ಲ ಒಂದೆಡೆ ಕುಳಿತು ಹೊರೆಯ ಲೆಕ್ಕ ಹಾಕಿ, ನೀರಿನ ಸರದಿ ಗೊತ್ತುಮಾಡಿಕೊಂಡರೆ ಬೇಸಿಗೆ ಬೆಳೆಯನ್ನು ನೆಮ್ಮದಿಯಿಂದ ಮನೆಗೆ ತರಬಹುದು.