ಹಸಿ ಪು-ಅರ್: ವರ್ಷಗಳು ಮಾಗಿಸುವ ಚಹಾ

ಪು-ಅರ್ ಚೀನಾದ ನೈಋತ್ಯದ ಯುನ್ನಾನ್ ಪ್ರಾಂತ್ಯದ ಚಹಾ. ಅಸ್ಸಾಮಿನಲ್ಲಿ ಬೆಳೆಯುವ ದೊಡ್ಡೆಲೆಯ ಬಗೆಯೇ ಅಲ್ಲೂ ಬೆಳೆಯುತ್ತದೆ. ಕಿತ್ತ ಎಲೆಯನ್ನು ಬಾಡಿಸಿ, ಬಾಣಲೆಯಲ್ಲಿ ಹುರಿದು, ಹೊಸಕಿ, ಬಿಸಿಲಿಗೆ ಒಣಗಿಸುತ್ತಾರೆ. ಬಳಿಕ ಹಬೆ ಹಾಯಿಸಿ ಬಿಲ್ಲೆಗಳಾಗಿ ಒತ್ತುತ್ತಾರೆ. ಸಂಪ್ರದಾಯದ ಬಿಲ್ಲೆ 357 ಗ್ರಾಂ ತೂಗುತ್ತದೆ. ಅಂಥ ಏಳನ್ನು ಬಿದಿರಿನ ಹಾಳೆಯಲ್ಲಿ ಸುತ್ತಿ ಕಟ್ಟುವುದು ವಾಡಿಕೆ.

ಹೀಗೆ ಮಾಡಿದ್ದು ಹಸಿ ಪು-ಅರ್. ಹೊಸದಾಗಿದ್ದಾಗ ಅದು ಕಹಿ, ಒಗರು. ಇಟ್ಟಷ್ಟು ವರ್ಷ ಗಾಳಿ, ತೇವ, ಸೂಕ್ಷ್ಮಜೀವಿಗಳು ಸೇರಿ ಅದನ್ನು ಮೆತ್ತಗಾಗಿಸುತ್ತವೆ. ಅಷ್ಟು ಕಾಯಲಾರದವರಿಗಾಗಿ 1973ರಲ್ಲಿ ಯುನ್ನಾನಿನ ಕುನ್ಮಿಂಗ್‌ನಲ್ಲಿ ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ವಾರಗಳಲ್ಲೇ ಮಾಗಿಸುವ ವಿಧಾನ ರೂಪುಗೊಂಡಿತು. ಅದು ‘ಮಾಗಿಸಿದ’ ಪು-ಅರ್, ರುಚಿಯೇ ಬೇರೆ.

ಕೊಳ್ಳುವವರು ಮೊದಲು ವಯಸ್ಸು ಕೇಳುತ್ತಾರೆ. ಎಲ್ಲಿಟ್ಟಿದ್ದರು ಎಂದು ಕೇಳುವುದು ಹೆಚ್ಚು ಜಾಣತನ. ಹಾಂಗ್‌ಕಾಂಗ್‌ನ ಸೆಕೆಯಲ್ಲಿ ಚಹಾ ಬೇಗ ಮಾಗುತ್ತದೆ, ಬೂಷ್ಟು ಹಿಡಿಯುವ ಭಯವೂ ಇದೆ. ಕುನ್ಮಿಂಗ್‌ನ ಒಣಹವೆಯಲ್ಲಿ ನಿಧಾನ. ಮಸಾಲೆ ಡಬ್ಬಿಯ ಪಕ್ಕ ಇಟ್ಟರಂತೂ ಎಷ್ಟೇ ಹಳೆಯ ಬಿಲ್ಲೆಯೂ ಕೆಟ್ಟಂತೆಯೇ, ಏಕೆಂದರೆ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ.

ಚಹಾ ಮಾಡಲು ಬಿಲ್ಲೆಯನ್ನು ಪುಡಿ ಮಾಡಬಾರದು. ಅಂಚಿನಿಂದ ಚೂಪು ಸಲಾಕೆ ತೂರಿಸಿ ಪದರಪದರವಾಗಿ ಬಿಡಿಸಬೇಕು. ಮುಚ್ಚಳದ ಬಟ್ಟಲಿಗೋ ಯಿಶಿಂಗ್‌ನ ಮಣ್ಣಿನ ಪುಟ್ಟ ಹೂಜಿಗೋ 100 ಮಿಲಿ ನೀರಿಗೆ 6-7 ಗ್ರಾಂ ಎಲೆ ಸಾಕು. ಹಾಲು, ಸಕ್ಕರೆ ಬೇಡ. ಕುದಿಯುವ ನೀರು ಹೊಯ್ದು ತಕ್ಷಣ ಬಸಿದು ಚೆಲ್ಲುವುದು ಎಲೆ ತೊಳೆದು ಎಬ್ಬಿಸುವ ಕ್ರಮ. ನಂತರ 10 ಸೆಕೆಂಡ್ ನೆನೆಸಿ ಪೂರ್ತಿ ಬಸಿದುಕೊಳ್ಳಬೇಕು. ಬಸಿಯದೆ ಬಿಟ್ಟರೆ ಕಹಿ ಏರುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಹೊತ್ತು ಹೆಚ್ಚಿಸುತ್ತ ಹೋದರೆ ಒಳ್ಳೆಯ ಎಲೆ ಹತ್ತಕ್ಕೂ ಹೆಚ್ಚು ಸುತ್ತು ಬಾಳುತ್ತದೆ.

ಎಳೆಯ ಚಹಾದ ಬಣ್ಣ ಹಸಿರು ಬೆರೆತ ಹಳದಿ. ದಶಕಗಳು ಕಳೆದದ್ದು ಕೆಂಗಂದು, ಆದರೆ ತಿಳಿ. ಕರ್ಪೂರ, ಹಳೆಯ ಮರ, ಒಣಹಣ್ಣಿನ ಪರಿಮಳ ಬಂದರೆ ಸೈ, ಬೂಷ್ಟಿನ ಘಾಟು ಬಂದರೆ ಅನುಮಾನಿಸಬೇಕು. ನುಂಗಿದ ಮೇಲೆ ಗಂಟಲಲ್ಲಿ ಮೂಡುವ ಸಿಹಿಯನ್ನು ರಸಿಕರು ಬಹಳ ಮೆಚ್ಚುತ್ತಾರೆ. ಕೊನೆಗೆ ನೆನೆದ ಎಲೆಯನ್ನೂ ನೋಡುವುದುಂಟು: ಚೆನ್ನಾಗಿ ಮಾಗಿದ್ದು ಬೆರಳಲ್ಲಿ ಬಿಡಿಸಿದರೆ ಅರಳಿಕೊಳ್ಳುತ್ತದೆ, ಅತಿ ತೇವದಲ್ಲಿ ಕೆಟ್ಟದ್ದು ಕರ್ರಗೆ ಗಟ್ಟಿಯಾಗಿ ಮುದುಡಿಯೇ ಇರುತ್ತದೆ.