ಕೂಡಗಿಯಲ್ಲಿ ನೀರು ಕುದಿಯುವುದಿಲ್ಲ

ಇಂಡಿ, ಸಿಂದಗಿ ಕಡೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಲ್ಲಿ ನೀರು ಕುದಿಯುತ್ತದೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣವಿದ್ಯುತ್ ಕೇಂದ್ರದ ಬಾಯ್ಲರು ಪೂರ್ತಿ ಹೊರೆಯಲ್ಲಿ ಓಡುವಾಗ ನೀರು ಕುದಿಯುವುದೇ ಇಲ್ಲ. ಆಲಮಟ್ಟಿಯಿಂದ ಬಂದ ಕೃಷ್ಣೆ ಒಂದು ಗುಳ್ಳೆಯೂ ಏಳದೆ ಉಗಿಯಾಗುತ್ತಾಳೆ!

ಇದು ಹೇಗೆ? 30 ಡಿಗ್ರಿಯ ಒಂದು ಕಿಲೊ ನೀರನ್ನು 100 ಡಿಗ್ರಿಗೆ ಕಾಯಿಸಲು 293 ಕಿಲೊಜೂಲ್ ಸಾಕು. ಅದೇ ನೀರು ಪೂರ್ತಿ ಉಗಿಯಾಗಲು ಇನ್ನೂ 2,257 ಬೇಕು, ಅಂದರೆ ಸುಮಾರು ಎಂಟು ಪಟ್ಟು. ಒತ್ತಡ ಏರಿದ ಹಾಗೆ ಈ ಎರಡನೆಯ ಬಾಬ್ತು ಕರಗುತ್ತ ಹೋಗುತ್ತದೆ. ವಾಯುಮಂಡಲದ 218 ಪಟ್ಟು ಒತ್ತಡ, 374 ಡಿಗ್ರಿ ಶಾಖ ಮುಟ್ಟಿದಾಗ ಅದು ಸೊನ್ನೆ. ಅಲ್ಲಿಂದಾಚೆ ನೀರು ಯಾವುದು, ಉಗಿ ಯಾವುದು ಎಂಬ ಗಡಿಯೇ ಇಲ್ಲ. ಕೂಡಗಿಯಂಥ ಬಾಯ್ಲರುಗಳು ಕೆಲಸ ಮಾಡುವುದು ಸುಮಾರು 240 ಪಟ್ಟು ಒತ್ತಡದಲ್ಲಿ.

ಅಲ್ಲಿರುವುದು 800 ಮೆಗಾವಾಟಿನ ಮೂರು ಘಟಕ. ಮೊದಲನೆಯದು ವಾಣಿಜ್ಯ ಉತ್ಪಾದನೆಗೆ ಇಳಿದದ್ದು 2017ರಲ್ಲಿ, ಮೂರನೆಯದು 2018ರಲ್ಲಿ. ಈ ಗಾತ್ರದ ಒಂದು ಘಟಕಕ್ಕೆ ಗಂಟೆಗೆ ಸುಮಾರು 2,500 ಟನ್ ಉಗಿ ಬೇಕು. ಸೆಕೆಂಡಿಗೆ ಹತ್ತಿರಹತ್ತಿರ 700 ಕಿಲೊ. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಯೊಂದು ತನ್ನ ಇಡೀ ದಿನದ ಸಿಪ್ಪೆಯನ್ನೆಲ್ಲ ಉರಿಸಿದರೆ ಬರುವ ಉಗಿ ಸುಮಾರು 3,300 ಟನ್. ಕೂಡಗಿಯ ಒಂದು ಘಟಕಕ್ಕೆ ಅದು 80 ನಿಮಿಷದ ಮೇವು.

ಇಷ್ಟು ನೀರನ್ನು ಆ ಒತ್ತಡದೊಳಕ್ಕೆ ನುಗ್ಗಿಸಬೇಕಲ್ಲ! ಕೊಳವೆಗಳ ತಿಕ್ಕಾಟದ ನಷ್ಟವನ್ನೂ ಸೇರಿಸಿದರೆ ಪಂಪು ಸುಮಾರು 300 ಪಟ್ಟು ಒತ್ತಡ ಕೊಡಬೇಕು, ಅಂದರೆ ಮೂರು ಕಿಲೊಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬೇಕು. ಹರಿವನ್ನು ಒತ್ತಡದಿಂದ ಗುಣಿಸಿ, ಪಂಪಿನ ದಕ್ಷತೆಯಿಂದ ಭಾಗಿಸಿದರೆ ಉತ್ತರ ಸುಮಾರು 25 ಮೆಗಾವಾಟ್. ಆಲಮಟ್ಟಿ ಜಲವಿದ್ಯುತ್ ಕೇಂದ್ರದ 55 ಮೆಗಾವಾಟಿನ ಒಂದು ಯಂತ್ರದ ಅರ್ಧದಷ್ಟು ಶಕ್ತಿ ಬರೀ ನೀರು ತಳ್ಳುವುದಕ್ಕೆ!

ನನ್ನನ್ನು ಹೆಚ್ಚು ಬೆರಗಾಗಿಸುವುದು ಮಾತ್ರ ಕೊಳವೆಯ ಗೋಡೆ. ಏಪ್ರಿಲ್ ನಡುಹಗಲು ಮುದ್ದೇಬಿಹಾಳದ ಎರೆಹೊಲದ ಮೇಲೆ ಚದರ ಮೀಟರಿಗೆ ಸುಮಾರು ಒಂದು ಕಿಲೊವಾಟ್ ಬಿಸಿಲು ಸುರಿಯುತ್ತದೆ. ಇಂಥ ಕುಲುಮೆಯೊಳಗೆ ಉರಿಯ ಎದುರಿನ ಕೊಳವೆಗಳ ಮೇಲೆ ಬೀಳುವುದು ಅದರ ಸುಮಾರು 300 ಪಟ್ಟು. ಆರು ಮಿಲಿಮೀಟರ್ ದಪ್ಪದ ಉಕ್ಕನ್ನು ಆ ಶಾಖ ದಾಟಬೇಕಾದರೆ ಒಳಮೈಗೂ ಹೊರಮೈಗೂ ಸುಮಾರು 50 ಡಿಗ್ರಿ ವ್ಯತ್ಯಾಸ ಬೇಕು. ಈಗ ಒಳಗಡೆ ಬರೀ 0.2 ಮಿಲಿಮೀಟರ್ ಸುಣ್ಣದ ಪೊರೆ ಕಟ್ಟಿದೆ ಎಂದುಕೊಳ್ಳಿ. ನಮ್ಮ ಬೋರ್‌ವೆಲ್ ನೀರು ಹಂಡೆಯ ತಳದಲ್ಲಿ ಬಿಡುತ್ತದಲ್ಲ, ಅಂಥದ್ದು. ಅದು ಶಾಖವನ್ನು ಉಕ್ಕಿಗಿಂತ ಮೂವತ್ತೈದು ಪಟ್ಟು ನಿಧಾನ ಸಾಗಿಸುವುದರಿಂದ ಆ ಕಾಗದದಂಥ ಪೊರೆಯೊಂದೇ ಇನ್ನೂ 60 ಡಿಗ್ರಿ ಕೇಳುತ್ತದೆ. ಉಕ್ಕು ಅಷ್ಟೂ ಹೆಚ್ಚು ಕಾಯುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಸೀಳುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಡ್ರಮ್ಮಿನಿಂದ ಉಪ್ಪು ಕೂಡಿದ ನೀರನ್ನು ಆಗಾಗ ಹೊರಬಿಡಬಹುದು. ಇಲ್ಲಿ ಪೂರ್ತಿ ಹೊರೆಯಲ್ಲಿ ಆ ದಾರಿಯಿಲ್ಲ. ಒಳಹೋದ ಉಪ್ಪು ಒಂದೋ ಕೊಳವೆಗೆ ಮೆತ್ತಬೇಕು, ಇಲ್ಲವೇ ಟರ್ಬೈನಿಗೆ ಹೋಗಬೇಕು. ಅದಕ್ಕೇ ಈ ನೀರಿನಲ್ಲಿ ಕಲ್ಮಶವನ್ನು ನೂರು ಕೋಟಿಯಲ್ಲಿ ಕೆಲವೇ ಪಾಲು ಎಂದು ಅಳೆಯುತ್ತಾರೆ.

ಮೂರೂ ಘಟಕ ಪೂರ್ತಿ ಓಡಿದರೆ ದೇಶೀ ಕಲ್ಲಿದ್ದಲು ದಿನಕ್ಕೆ ಸುಮಾರು 35,000 ಟನ್ ಬೇಕು, ಒಂಬತ್ತು ಗೂಡ್ಸ್ ರೈಲು. ಬೂದಿಯೇ 10,000 ಟನ್ ದಾಟುತ್ತದೆ. ಟರ್ಬೈನಿಗೆ ಬಂದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಾಗದೆ ತಣಿಸುವ ಗೋಪುರಗಳ ಮೂಲಕ ಆಕಾಶ ಸೇರುತ್ತದೆ. ಅದರ ಜೊತೆ ಆವಿಯಾಗುವ ನೀರು ಸೆಕೆಂಡಿಗೆ ಸಾವಿರ ಲೀಟರಿನ ಆಸುಪಾಸು. ವರ್ಷವಿಡೀ ಹೀಗೇ ಓಡಿದರೆ ಒಂದು ಟಿಎಂಸಿ. ಆಲಮಟ್ಟಿಯ 123 ಟಿಎಂಸಿಯ ಮುಂದೆ ಅದು ಸಣ್ಣದೇ. ಆದರೆ ಕಾಲುವೆಯ ಕೊನೆಯಂಚಿನಲ್ಲಿ ನೀರಿಗಾಗಿ ಕಾಯುವ ಇಂಡಿಯ ರೈತನಿಗೆ ಸಣ್ಣದಲ್ಲ. ಜಾರ್ಖಂಡಿನ ಉತ್ತರ ಕರಣ್‌ಪುರದಲ್ಲಿ ಇದೇ ಎನ್‌ಟಿಪಿಸಿ ಟರ್ಬೈನಿನಿಂದ ಬಂದ ಉಗಿಯನ್ನು ಗಾಳಿಯಿಂದಲೇ ತಣಿಸುತ್ತಿದೆ. ಅದಕ್ಕೆ ಕಲ್ಲಿದ್ದಲು ತುಸು ಹೆಚ್ಚು ಸುಡಬೇಕು, ಕಟ್ಟುವ ಖರ್ಚೂ ಹೆಚ್ಚು. ವಿಜಯಪುರ ಜಿಲ್ಲೆಯಲ್ಲಿ ಆ ಬೆಲೆ ತೆರಬೇಕಿತ್ತು ಎಂದೇ ನನ್ನ ಅಭಿಪ್ರಾಯ.