ತಣ್ಣನೆ ಗಾಳಿ ಎಲ್ಲಿ ಸೋರಿ ಹೋಯ್ತು?



ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಯಾಕೆ ಬರೋದಿಲ್ಲ? ಕಟ್ಟೆಯಲ್ಲಿ ನೀರಿಲ್ಲ ಅಂತ ಮಾತ್ರ ತಿಳಿಯಬೇಡಿ. ಕೆಲವು ಸಲ ನೀರು ಬಿಟ್ಟಿರುತ್ತಾರೆ, ಆದರೆ ದಾರಿಯಲ್ಲಿ ಏರಿ ಒಡೆದಿರುತ್ತದೆ, ಏಡಿ ಬಿಲ ತೋಡಿರುತ್ತದೆ. ನೀರು ಹೊರಟಿದ್ದು ನಿಜ, ತಲುಪಲಿಲ್ಲ ಅಷ್ಟೇ. ಗಾಳಿಗೂ ಇಂಥ ನಾಲೆ ಇದೆ, ಅದೂ ಸೋರುತ್ತೆ. ಆ ವಿಷಯ ಇವತ್ತು ಹೇಳುತ್ತೇನೆ.

ನಾನು ಇದೇ ಶಾಲೆಯ ಹಳೆಯ ವಿದ್ಯಾರ್ಥಿ. ಈಗ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನಲ್ಲಿ ಕೆಲಸದಲ್ಲಿದ್ದೇನೆ. ಗೋಡೆ ಪತ್ರಿಕೆಗೆ ಏನಾದರೂ ಬರೆದು ಕಳಿಸು ಅಂತ ಮೇಷ್ಟ್ರು ಹೇಳಿದ್ದರು. ನಾನೇ ಕೈಯಾರೆ ಮಾಡಿದ ಕೆಲಸವನ್ನೇ ಬರೆದಿದ್ದೇನೆ.

ಮನೆಗಾಡಿ ಅಂದರೇನು?

ಅಮೆರಿಕದಲ್ಲಿ ಆರ್.ವಿ. ಎಂಬ ಗಾಡಿಗಳಿವೆ. ನೋಡಲು ಬಸ್ಸಿನ ಹಾಗೆ, ಒಳಗೆ ಮನೆ. ಮಂಚ, ಒಲೆ, ಬಚ್ಚಲು, ನೀರಿನ ಟ್ಯಾಂಕು ಎಲ್ಲ ಇರುತ್ತೆ. ಜನ ಇದರಲ್ಲಿ ಪ್ರವಾಸ ಹೋಗುತ್ತಾರೆ, ಕೆಲವರು ವರ್ಷವಿಡೀ ಇದರಲ್ಲೇ ಬಾಳುತ್ತಾರೆ. ನಾನು ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟಿದ್ದೇನೆ. ನನ್ನದು 30 ಅಡಿ ಉದ್ದದ ಹಳೇ ಗಾಡಿ.

ಇದರ ಏ.ಸಿ. ಯಂತ್ರ ಚಾವಣಿಯ ಮೇಲೆ ಕೂತಿರುತ್ತೆ. ಅದಕ್ಕಾಗಿ ಚಾವಣಿಯಲ್ಲಿ ಸುಮಾರು 14 ಅಂಗುಲ ಚೌಕದ ತೂತು ಕೊರೆದಿರುತ್ತಾರೆ. ಯಂತ್ರ ಒಳಗಿನ ಬಿಸಿ ಗಾಳಿಯನ್ನು ಹೀರಿಕೊಂಡು, ಅದರ ಶಾಖವನ್ನು ಹೊರಗೆ ಬಿಟ್ಟು, ತಣ್ಣಗಾದ ಗಾಳಿಯನ್ನು ವಾಪಸು ತಳ್ಳುತ್ತೆ. ಆ ಗಾಳಿ ಚಾವಣಿಯ ದಪ್ಪದೊಳಗೇ ಹಾದುಹೋಗುವ ಚಪ್ಪಟೆ ಕೊಳವೆಯಲ್ಲಿ ಮುಂದಕ್ಕೂ ಹಿಂದಕ್ಕೂ ಹರಿದು, ಅಲ್ಲಲ್ಲಿ ಇರುವ ಕಿಂಡಿಗಳಿಂದ ಕೆಳಗೆ ಬೀಳುತ್ತೆ. ಈ ಕೊಳವೆಗೇ ಡಕ್ಟ್ ಅನ್ನುತ್ತಾರೆ. ಯಂತ್ರವೇ ಕಟ್ಟೆ, ಡಕ್ಟೇ ನಾಲೆ, ಕಿಂಡಿಯೇ ತೂಬು.

ಯಂತ್ರದ ಶಕ್ತಿಯನ್ನು ಬಿ.ಟಿ.ಯು. ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶಾಖವೇ ಒಂದು ಬಿ.ಟಿ.ಯು. ಮನೆಗಾಡಿಯ ಏ.ಸಿ. ಸಾಮಾನ್ಯವಾಗಿ ಗಂಟೆಗೆ 13,500 ಇಲ್ಲವೇ 15,000 ಬಿ.ಟಿ.ಯು. ಶಾಖವನ್ನು ಹೊರಗೆ ಸಾಗಿಸುತ್ತೆ.

ಇದು ಸಣ್ಣ ವಿಷಯವೇ?

ಫೀನಿಕ್ಸ್ ಮರುಭೂಮಿಯ ಊರು. 2023ರಲ್ಲಿ ಅಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಸತತ 31 ದಿನ, ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು! ಮನೆಗಾಡಿಯ ಗೋಡೆ ತೆಳು. ಏ.ಸಿ. ಕೈಕೊಟ್ಟರೆ ಒಳಗೆ ಬೇಗ ಒಲೆಯ ಹಾಗಾಗುತ್ತೆ. ಮಕ್ಕಳಿಗೆ, ಮುದುಕರಿಗೆ ಪ್ರಾಣಕ್ಕೇ ಅಪಾಯ.

2024ರ ಜೂನ್‌ನಲ್ಲಿ ನಮ್ಮ ಅಮ್ಮ ಊರಿನಿಂದ ಬಂದಿದ್ದರು. ಅವರಿಗೆ ಬಿ.ಪಿ. ಇದೆ. ಗಾಡಿಯ ಹಿಂಭಾಗದ ಮಂಚ ಅವರದು. ಮುಂದೆ ಕೂತ ನಮಗೆ ಹಾಯಾಗಿತ್ತು, ಹಿಂದೆ ಅಮ್ಮನ ಸೆರಗು ಬೆವರಲ್ಲಿ ಒದ್ದೆ. “ಏನಿಲ್ಲ ಕಣಪ್ಪ, ಕಿಟಕಿ ತೆಗೆದರೆ ಸರಿಹೋಗುತ್ತೆ” ಅಂದರು. ಕಿಟಕಿ ತೆಗೆದರೆ ಬರೋದು ಬೆಂಕಿ ಗಾಳಿ. ಒಬ್ಬ ಮೆಕ್ಯಾನಿಕ್ ಬಂದು ನೋಡಿ, “ಯಂತ್ರ ಹಳೆಯದು, ಇನ್ನೂ ದೊಡ್ಡದು ಹಾಕಿಸಿ” ಅಂದ.

ನಾನು ಥರ್ಮಾಮೀಟರ್ ಹಿಡಿದೆ. ಯಂತ್ರ ಹೀರುವ ಗಾಳಿ 29 ಡಿಗ್ರಿ, ಮುಂದಿನ ಕಿಂಡಿಯಲ್ಲಿ ಬರುವ ಗಾಳಿ 18 ಡಿಗ್ರಿ. ಹೀರುವ ಗಾಳಿಗೂ ಬಿಡುವ ಗಾಳಿಗೂ 9ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಯಂತ್ರ ಸರಿಯಾಗಿದೆ ಎಂದೇ ಅರ್ಥ. ಆದರೆ ಅಮ್ಮನ ಮಂಚದ ಮೇಲಿನ ಕಿಂಡಿಯಲ್ಲಿ 24 ಡಿಗ್ರಿ, ಗಾಳಿಯೂ ಮಂದ. ಅಂದಮೇಲೆ ಕಟ್ಟೆಯಲ್ಲಿ ನೀರಿತ್ತು, ನಾಲೆ ಒಡೆದಿತ್ತು!

ಎಲ್ಲೆಲ್ಲಿ ಸೋರುತ್ತೆ?

1. ನಡುಗೋಡೆ: ಯಂತ್ರದ ಕೆಳಗಿನ ತೂತಿನಲ್ಲಿ ಗಾಳಿ ಹೀರುವ ಭಾಗ, ಬಿಡುವ ಭಾಗ ಅಕ್ಕಪಕ್ಕ ಇರುತ್ತವೆ. ನಡುವೆ ಒಂದು ತೆಳು ಗೋಡೆ. ಅದರಲ್ಲಿ ಸಂದು ಬಿಟ್ಟರೆ ತಣ್ಣನೆ ಗಾಳಿ ಕೋಣೆಗೆ ಬಾರದೆ ಮತ್ತೆ ಯಂತ್ರದ ಬಾಯಿಗೇ ಹೋಗುತ್ತೆ. ಆಗ ಒಳಗಿನ ಸುರುಳಿ ಅತಿಯಾಗಿ ತಣ್ಣಗಾಗಿ ಅದರ ಮೇಲೆ ಮಂಜು ಕಟ್ಟಿ, ಗಾಳಿಯ ದಾರಿಯೇ ಮುಚ್ಚಿಹೋಗಬಹುದು.

2. ಕೂಡುವ ಜಾಗ: ಆ ತೂತಿನಿಂದ ಡಕ್ಟ್ ಶುರುವಾಗುವ ಬಾಯಿ. ಇಲ್ಲಿ ಟೇಪು ಬಿಟ್ಟರೆ ಗಾಳಿ ಚಾವಣಿಯ ಪೊಳ್ಳಿಗೆ ನುಗ್ಗುತ್ತೆ.

3. ಕಿಂಡಿಯ ಅಂಚು: ಡಕ್ಟಿನ ತೂತಿಗೂ ಚಾವಣಿ ಹಲಗೆಗೂ ನಡುವಿನ ಸಂದು.

4. ಕೊನೆ: ಕೊನೆಯ ಕಿಂಡಿ ದಾಟಿದ ಮೇಲೂ ಡಕ್ಟ್ ಒಂದೆರಡು ಅಡಿ ಮುಂದೆ ಹೋಗಿರುತ್ತೆ. ಕೆಲವು ಗಾಡಿಗಳಲ್ಲಿ ಅದರ ತುದಿಯನ್ನು ಸರಿಯಾಗಿ ಮುಚ್ಚಿರುವುದೇ ಇಲ್ಲ.

ತೇವ ಹೆಚ್ಚಿರುವ ಊರುಗಳಲ್ಲಿ ಇನ್ನೊಂದು ಕೇಡಿದೆ. ಸೋರಿದ ತಣ್ಣನೆ ಗಾಳಿಯಿಂದ ಚಾವಣಿಯೊಳಗೆ, ತಣ್ಣೀರು ತುಂಬಿದ ಲೋಟದ ಹೊರಗೆ ಕೂರುವ ಹಾಗೆ, ನೀರಹನಿ ಕೂರುತ್ತೆ. ಮರ ಕೊಳೆಯುತ್ತೆ.

ಕಳ್ಳನನ್ನು ಹಿಡಿದದ್ದು ಊದುಬತ್ತಿ

ಬರೀ ಫ್ಯಾನ್ ಓಡಿಸಿ, ಮುಚ್ಚಳ ಬಿಚ್ಚಿ, ಹಚ್ಚಿದ ಊದುಬತ್ತಿಯನ್ನು ಸಂದುಗಳ ಹತ್ತಿರ ಹಿಡಿದೆ. ಗಟ್ಟಿಯಾಗಿರುವ ಕಡೆ ಹೊಗೆ ನೆಟ್ಟಗೆ ಏರಿತು. ಸೋರುವ ಕಡೆ ಚದುರಿತು. ನಡುಗೋಡೆಯ ಹತ್ತಿರ ಹೀರುವ ಬದಿಯಲ್ಲಿ ಹಿಡಿದರೆ, ಅದರ ಸಂದಿನಿಂದ ಬರುವ ಗಾಳಿ ಹೊಗೆಯನ್ನು ಪಕ್ಕಕ್ಕೆ ತಳ್ಳಿತು. ಆಮೇಲೆ ಫ್ಯಾನ್ ನಿಲ್ಲಿಸಿ, ಕಿಂಡಿ ಬಿಚ್ಚಿ, ಟಾರ್ಚು ಬಿಟ್ಟು, ಸಣ್ಣ ಕನ್ನಡಿಯಲ್ಲಿ ನೋಡಿದೆ. ಹಿಂದಕ್ಕೆ ಹೋಗುವ ಡಕ್ಟಿನ ಬಾಯಿಯಲ್ಲಿ ಟೇಪು ಹಳೇ ಹಾವಿನ ಪೊರೆಯ ಹಾಗೆ ಜೋತಾಡುತ್ತಿತ್ತು. ಎರಡು ಬೆರಳು ತೂರುವಷ್ಟು ಸಂದು! ತುದಿಯೂ ತೆರೆದೇ ಇತ್ತು.

ಮುಚ್ಚುವ ಬಗೆ

ಮೊದಲ ಕೆಲಸ ಕರೆಂಟು. ಗಾಡಿಗೆ ಹೊರಗಿನಿಂದ ಬರುವ ವೈರು ಕಿತ್ತು, ಜನರೇಟರ್ ಇದ್ದರೆ ಅದನ್ನೂ ನಿಲ್ಲಿಸಬೇಕು. ಯಂತ್ರದ ವಿದ್ಯುತ್ ಪೆಟ್ಟಿಗೆ ಮುಟ್ಟಬಾರದು. ಅದರಲ್ಲಿರುವ ಕೆಪಾಸಿಟರ್ ಕರೆಂಟು ತೆಗೆದ ಮೇಲೂ ಶಾಕ್ ಕೊಡಬಲ್ಲದು.

ಆಮೇಲೆ ಧೂಳು ಒರೆಸಿ, ಸ್ಪಿರಿಟ್ ಹಚ್ಚಿ ಒಣಗಿಸಿದೆ. ಧೂಳಿನ ಮೇಲೆ ಯಾವ ಅಂಟೂ ನಿಲ್ಲದು. ನಡುಗೋಡೆಗೆ ಗಟ್ಟಿ ಫೋಮ್ ಹಲಗೆಯನ್ನು ಅಳತೆಗೆ ಕತ್ತರಿಸಿ ಕೂರಿಸಿ, ಸುತ್ತಲೂ ಅಲ್ಯೂಮಿನಿಯಂ ಹಾಳೆಯ ಟೇಪು ಅಂಟಿಸಿದೆ. ಡಕ್ಟಿನ ಬಾಯಿಗೂ ಕಿಂಡಿಯ ಅಂಚಿಗೂ ಅದೇ ಟೇಪು. ಬೆರಳಿನಿಂದ ಒತ್ತಿದರೆ ಸಾಲದು, ಗಟ್ಟಿ ರಟ್ಟಿನಿಂದ ಉಜ್ಜಿ ಸುಕ್ಕು ಬಿಡಿಸಬೇಕು. ಕೊನೆಯ ಕಿಂಡಿಯ ಆಚೆಗೆ ಫೋಮ್ ತುಂಡು ತುರುಕಿ ಮುಚ್ಚಿದೆ. ಮೇಲೆ ನೀರು ಹರಿದುಹೋಗುವ ದಾರಿಗೆ ಮಾತ್ರ ಟೇಪು ಹಚ್ಚಬಾರದು. ಹಚ್ಚಿದರೆ ಒಳಗೇ ಮಳೆ!

ಒಂದು ತಮಾಷೆ ಕೇಳಿ. ಬಟ್ಟೆಯ ಒಂದು ಟೇಪಿಗೆ ಅಮೆರಿಕದಲ್ಲಿ ‘ಡಕ್ಟ್ ಟೇಪ್’ ಅಂತಲೇ ಹೆಸರು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತು ಇಯನ್ ವಾಕರ್ ಎಂಬ ವಿಜ್ಞಾನಿಗಳು ನಾನಾ ಬಗೆಯ ಅಂಟುಗಳನ್ನು ಬಿಸಿ, ತಂಪಿಗೆ ಒಡ್ಡಿ ಪರೀಕ್ಷೆ ಮಾಡಿ 1998ರಲ್ಲಿ ಫಲಿತಾಂಶ ತಿಳಿಸಿದರು. ಡಕ್ಟಿನ ಸೋರಿಕೆ ತಡೆಯುವುದರಲ್ಲಿ ಸೋತದ್ದು ಈ ಡಕ್ಟ್ ಟೇಪೇ. ಹೆಸರು ನೋಡಿ ಸಾಮಾನು ಕೊಳ್ಳಬಾರದು, ಅಲ್ಲವೇ?

ಫಲ ಏನಾಯ್ತು?

ಒಂದು ಮಧ್ಯಾಹ್ನದ ಕೆಲಸ. ಮಾರನೇ ದಿನ ಅದೇ ಬಿಸಿಲು, ಅದೇ ಯಂತ್ರ. ಮುಂದಿನ ಕಿಂಡಿಯಲ್ಲಿ 15 ಡಿಗ್ರಿ, ಹಿಂದಿನದರಲ್ಲಿ 16. ರಾತ್ರಿ ಅಮ್ಮ ಹೊದಿಕೆ ಕೇಳಿದರು. ಹೊಸ ಯಂತ್ರ ತರಲಿಲ್ಲ. ತಂದಿದ್ದರೂ ತೂತು ಮಡಕೆಗೆ ದೊಡ್ಡ ಚೊಂಬಿನಲ್ಲಿ ನೀರು ಹೊಯ್ದ ಹಾಗಾಗುತ್ತಿತ್ತು. ಆದ್ದರಿಂದ ಮಕ್ಕಳೇ, ಏನಾದರೂ ಸಾಲದು ಅನ್ನಿಸಿದರೆ ಇನ್ನಷ್ಟು ತರುವ ಮುಂಚೆ, ಇರುವುದು ಎಲ್ಲಿ ಸೋರುತ್ತಿದೆ ನೋಡಿ.

ಮಾಡಿ ನೋಡಿ

ಪಪ್ಪಾಯಿ ಎಲೆಯ ಉದ್ದನೆ ದಂಟು ತನ್ನಿ. ಎರಡೂ ತುದಿ ಕತ್ತರಿಸಿ, ಹಾಲು ಪೂರ್ತಿ ಹೋಗುವ ಹಾಗೆ ತೊಳೆದು ಒಣಗಿಸಿ. ಬಾಯಿಗಿಡುವ ತುದಿಗೆ ಕಾಗದ ಸುತ್ತಿ, ಯಾಕೆಂದರೆ ಆ ಹಾಲು ತುಟಿ ಸುಡುತ್ತೆ. ಮೇಜಿನ ಮೇಲೆ ಕೋಳಿ ಪುಕ್ಕ ಇಟ್ಟು ಊದಿ, ಎಷ್ಟು ದೂರ ಹೋಯಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. ದಂಟಿನ ನಡುವೆ ನಾಲ್ಕು ತೂತು ಮಾಡಿ ಮತ್ತೆ ಊದಿ. ಆಮೇಲೆ ತೂತುಗಳಿಗೆ ಟೇಪು ಸುತ್ತಿ ಮೂರನೇ ಸಲ ಊದಿ. ಮೂರೂ ಅಳತೆ ಬರೆದು ಈ ಲೇಖನದ ಕೆಳಗೇ ಅಂಟಿಸಿ. ಮೇಷ್ಟ್ರು ನನಗೆ ತಿಳಿಸುತ್ತಾರೆ.

– ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿ